ಒಂದು ಕೊಡ ಸುರಿದೆ

ವಸತಿ ಶಾಲೆ, ರಾಯಚೂರು ಜಿಲ್ಲೆ
16 ಜೂನ್ 2024

ಸಾಲೇಹಾ ಮಿಸ್‌ಗೆ ಕಾವೇರಿ ಮಾಡುವ ನಮಸ್ಕಾರಗಳು.

ಮೊದಲು ‘ನಾನು ಕ್ಷೇಮ’ ಎಂದು ಬರೆಯಬೇಕಂತೆ, ವಾರ್ಡನ್ ಅಕ್ಕ ಹೇಳಿದರು. ಬರೆದಿದ್ದೇನೆ. ಇನ್ನು ನಿಜ ಬರೆಯುತ್ತೇನೆ. ನನಗೆ ಇಲ್ಲಿ ಒಂದು ಚೂರೂ ಹಿಡಿಸಿಲ್ಲ.

ಒಂಬತ್ತನೇ ಕ್ಲಾಸಿಗೆ ಹಾಸ್ಟೆಲಿಗೆ ಹೋಗು ಅಂದವರು ನೀವು. ಅಪ್ಪ ಬೇಡ ಅಂದಾಗ ಮಹದೇವಪುರದ ನಮ್ಮ ಶೆಡ್ಡಿಗೆ ಬಂದು, ಬಾಗಿಲಲ್ಲಿ ಇಟ್ಟಿಗೆ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದು ಒಪ್ಪಿಸಿದವರೂ ನೀವೇ. ಅಂಬಣ್ಣ, ನಿಮ್ಮ ಬಿಲ್ಡಿಂಗ್ ಕೆಲಸ ಮುಗಿಯುತ್ತಾ ಬಂತು, ನಾಳೆ ನಿಮ್ಮನ್ನು ಇನ್ನೆಲ್ಲಿಗೋ ಕಳಿಸುತ್ತಾರೆ, ಇವಳು ಇನ್ನೆಷ್ಟು ಸ್ಕೂಲು ಬದಲಾಯಿಸಬೇಕು ಎಂದು ಅಪ್ಪನನ್ನು ಕೇಳಿದಿರಿ. ನನಗೆ ಮಾತ್ರ ಬೇರೆ ಮಾತು ಹೇಳಿದಿರಿ. ಅಲ್ಲಿ ನಮ್ಮ ಶಾಲೆಗಿಂತ ಹೊಸ ಕಂಪ್ಯೂಟರ್ ಇವೆ ಅಂದಿರಿ. ಅದಕ್ಕೇ ನಾನು ಹೂಂ ಅಂದದ್ದು.

ಕಂಪ್ಯೂಟರ್ ಇವೆ. ಕಿಟಕಿಯಿಂದ ನೋಡಿದ್ದೇನೆ. ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಸಿ ಬಾಗಿಲಿಗೆ ಬೀಗ ಹಾಕಿದ್ದಾರೆ. ಕಲಿಸುವ ಸರ್ ಇನ್ನೂ ಬಂದಿಲ್ಲ, ಯಾವಾಗ ಬರುತ್ತಾರೆ ಎಂದು ಯಾರಿಗೂ ಗೊತ್ತಿಲ್ಲ. ಫೋನು ಅಪ್ಪ ಅವ್ವನ ಜೊತೆ ಮಾತ್ರ, ಅದೂ ಭಾನುವಾರ. ಹಾಗಾಗಿ ನಿಮ್ಮನ್ನು ಕಾಗದದಲ್ಲೇ ಬೈಯಬೇಕಾಗಿದೆ.

ದಸರಾ ರಜೆಗೆ ಅಲ್ಲಿಗೆ ಬಂದವಳು ವಾಪಸ್ ಇಲ್ಲಿಗೆ ಬರಲ್ಲ. ಅವ್ವನ ಜೊತೆ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಹೋಗುತ್ತೇನೆ. ಹೇಳಿಬಿಟ್ಟಿದ್ದೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ.

ಇಂತಿ,
ಕಾವೇರಿ


ಶಿವಾಜಿನಗರ, ಬೆಂಗಳೂರು
25 ಜೂನ್ 2024

ಕೋಪಿಷ್ಠೆ ಕಾವೇರಿಗೆ,

ನಿನ್ನ ಕಾಗದ ತಲುಪಿತು. ಈ ಮನೆಗೆ ಕರೆಂಟ್ ಬಿಲ್ಲು ಬಿಟ್ಟು ಬೇರೆ ಕಾಗದ ಬಂದು ಯಾವ ಕಾಲವಾಯಿತೋ. ಅಮ್ಮಿ ಪಕ್ಕದಲ್ಲಿ ಕೂತು ಪೂರ್ತಿ ಓದಿಸಿಕೊಂಡರು. ಹುಡುಗಿ ಚೆನ್ನಾಗಿ ಬೈಯುತ್ತಾಳೆ ಎಂದು ಮೆಚ್ಚಿಕೊಂಡರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ಬೀಗದ ವಿಷಯ ನನಗೆ ಗೊತ್ತಿರಲಿಲ್ಲ ಕಣೇ. ನಿಮ್ಮ ಹೆಡ್‌ಮಾಸ್ಟರಿಗೆ ಬರೆದಿದ್ದೇನೆ. ಅದು ಅದರ ಪಾಡಿಗೆ ನಡೆಯಲಿ, ಅಷ್ಟರೊಳಗೆ ನಾವೊಂದು ಕೆಲಸ ಮಾಡೋಣ. ನೀನು ಪ್ರೋಗ್ರಾಮನ್ನು ಕಾಗದದ ಮೇಲೆ ಕನ್ನಡದಲ್ಲೇ ಬರೆದು ಅಂಚೆಗೆ ಹಾಕು. ನಾನು ಅದನ್ನು ಮಹದೇವಪುರದ ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರಿನ ಭಾಷೆಗೆ ತಿರುಗಿಸಿ ಓಡಿಸಿ, ಬಂದ ಉತ್ತರವನ್ನು ನಿನಗೆ ಕಳಿಸುತ್ತೇನೆ. ಅಂಚೆಯಣ್ಣ ನಮ್ಮಿಬ್ಬರ ನಡುವಿನ ತಂತಿ. ಸ್ವಲ್ಪ ನಿಧಾನದ ತಂತಿ, ಅಷ್ಟೇ.

ಒಂದು ನಿಯಮ. ನೀನು ಬರೆದದ್ದನ್ನು ಬರೆದ ಹಾಗೇ ಓಡಿಸುತ್ತೇನೆ, ತಿದ್ದುವುದಿಲ್ಲ. ಏಳನೇ ಕ್ಲಾಸಿನಲ್ಲಿ ನಿನ್ನಿಂದ ಚಹಾ ಮಾಡುವ ಕ್ರಮ ಬರೆಸಿದ್ದೆ, ನೆನಪಿದೆಯಾ? ‘ಒಲೆ ಹಚ್ಚು’ ಎಂದು ಬರೆಯಲು ನೀನು ಮರೆತಿದ್ದೆ. ನಾನು ತಣ್ಣೀರಿಗೆ ಪುಡಿ, ಸಕ್ಕರೆ, ಹಾಲು ಸುರಿದು ನಿಮ್ಮೆಲ್ಲರ ಮುಂದೆ ಕುಡಿದೆ. ನಿನ್ನ ಮನಸ್ಸಿನಲ್ಲಿ ಒಲೆ ಉರಿಯುತ್ತಿತ್ತು. ಕಂಪ್ಯೂಟರಿಗೆ ಮನಸ್ಸಿನಲ್ಲಿದ್ದದ್ದು ಕಾಣುವುದಿಲ್ಲ, ಹೇಳಿದ್ದು ಮಾತ್ರ ಕೇಳುತ್ತದೆ.

ದಸರಾ ಮಾತು ದಸರಾದಲ್ಲಿ. ಅಲ್ಲಿಯವರೆಗೆ ನಿನಗೆ ಪುರುಸೊತ್ತು ಇರಬಾರದು, ನೋಡುತ್ತಿರು.

ನಿನ್ನ ಮಿಸ್,
ಸಾಲೇಹಾ


ವಸತಿ ಶಾಲೆ
5 ಜುಲೈ 2024

ಮಿಸ್‌ಗೆ ನಮಸ್ಕಾರಗಳು.

ಕೋಪ ಇನ್ನೂ ಇದೆ. ಪ್ರೋಗ್ರಾಮು ಮಾತ್ರ ಬರೆದಿದ್ದೇನೆ. ಹದಿನೇಳರ ಮಗ್ಗಿ. ನನಗೆ ಬರದ ಮಗ್ಗಿ ಅದೊಂದೇ, ಕಂಪ್ಯೂಟರೇ ಹೇಳಲಿ.

1. ‘ಎಣಿಕೆ’ ಎಂಬ ಡಬ್ಬಿಯಲ್ಲಿ 1 ಇಡು.
2. ‘ಎಣಿಕೆ’ 10ಕ್ಕಿಂತ ಹೆಚ್ಚಾದರೆ ನಿಲ್ಲು.
3. 17ನ್ನು ‘ಎಣಿಕೆ’ಯಿಂದ ಗುಣಿಸಿ, ಬಂದದ್ದನ್ನು ಬರೆ.
4. ‘ಎಣಿಕೆ’ಗೆ 1 ಕೂಡಿಸು.
5. 2ನೇ ಸಾಲಿಗೆ ಹೋಗು.

ಬರೆಯುವಾಗ ಪಕ್ಕದ ಮಂಚದ ಯಮುನಾ ಬಂದು ಇದೇನು ಮಂತ್ರ ಅಂದಳು. ಇದು ಬೆಂಗಳೂರಿಗೆ ಹೋಗಿ ಅಲ್ಲಿ ಓಡುತ್ತದೆ ಅಂದೆ. ಅವಳು ನಂಬಲಿಲ್ಲ. ಬೇಗ ಉತ್ತರ ಕಳಿಸಿ, ಅವಳಿಗೆ ತೋರಿಸಬೇಕು.

ಕಾವೇರಿ


ಶಿವಾಜಿನಗರ
22 ಜುಲೈ 2024

ಪ್ರೀತಿಯ ಕಾವೇರಿ,

ತಡವಾಯಿತು, ಕ್ಷಮಿಸು. ಇಲ್ಲಿ ಮಳೆ ಅಂದರೆ ಮಳೆ. ಒಂದು ದಿನವಂತೂ ಹಲಸೂರು ದಾಟಿದ ಬಸ್ಸು ಟಿನ್ ಫ್ಯಾಕ್ಟರಿ ಹತ್ತಿರ ನಿಂತದ್ದು ನಿಂತೇ ಬಿಟ್ಟಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ನಡೆದೆ. ಅಪ್ಪ ಅವ್ವ ಚೆನ್ನಾಗಿದ್ದಾರೆ. ಅವರ ಶೆಡ್ಡು ಎತ್ತರದಲ್ಲಿರುವುದರಿಂದ ನೀರು ಹೋಗಲಿಲ್ಲ, ನಾನೇ ಹೋಗಿ ನೋಡಿಬಂದೆ.

ನಿನ್ನ ಪ್ರೋಗ್ರಾಮು ಓಡಿತು. ಮೊದಲ ಸಲವೇ, ತಡವರಿಸದೆ. ಉತ್ತರದ ಹಾಳೆ ಜೊತೆಗಿಟ್ಟಿದ್ದೇನೆ. ಪ್ರಿಂಟರ್ ಸರಿ ಇಲ್ಲದ್ದರಿಂದ ಎಂಟನೇ ಕ್ಲಾಸಿನ ಮುನೀಂದ್ರ ಕೈಯಲ್ಲಿ ಬರೆದಿದ್ದಾನೆ. ಅವನ ಅಕ್ಷರ ಇರುವೆ ಸಾಲು, ಬೆಳಕಿಗೆ ಹಿಡಿದು ಓದು.

ಮುಂದಿನದು ಸ್ವಲ್ಪ ಕಷ್ಟದ್ದು ಕಳಿಸು. ಇದು ನಿನಗೆ ಎಡಗೈ ಕೆಲಸ.

ಸಾಲೇಹಾ ಮಿಸ್


ವಸತಿ ಶಾಲೆ
2 ಆಗಸ್ಟ್ 2024

ಪ್ರೀತಿಯ ಮಿಸ್,

ಹಾಳೆ ತಲುಪಿತು. ಊಟದ ಮನೆಯಲ್ಲಿ ಎಲ್ಲರ ಕೈಯಿಂದ ಕೈಗೆ ಹೋಗಿ ಸಾರಿನ ಕಲೆ ಹತ್ತಿಸಿಕೊಂಡು ವಾಪಸ್ ಬಂತು. ಯಮುನಾ ನಂಬಿದಳು. ಈಗ ಅವಳೂ ಬರೆಯುತ್ತೇನೆ ಅನ್ನುತ್ತಾಳೆ.

ಆದರೆ ಮಿಸ್, ಹದಿನೇಳು ಎಂಟಲ ಎದುರು 126 ಎಂದು ಬರೆದು ಹೊಡೆದುಹಾಕಿ 136 ಮಾಡಿದ್ದಾರೆ. ಕಂಪ್ಯೂಟರ್ ಲೆಕ್ಕ ತಪ್ಪುತ್ತದಾ? ಮುನೀಂದ್ರ ನೋಡಿ ಬರೆಯುವಾಗ ನಿದ್ದೆ ಮಾಡಿದನೇನೋ. ಅವನ ಕಿವಿ ಹಿಂಡಿ.

ಈ ಸಲದ್ದು ಪ್ರಾರ್ಥನೆಯ ಸಾಲಿನ ಪ್ರೋಗ್ರಾಮು. ಇಲ್ಲಿ ಕುಳ್ಳಗಿರುವವರು ಮುಂದೆ, ಎತ್ತರದವರು ಹಿಂದೆ ನಿಲ್ಲಬೇಕು. ಪಿ.ಟಿ. ಸರ್ ದಿನಾ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಾರೆ. ನಾನು ಬರೆದದ್ದು ಇಷ್ಟು: ಮುಂದಿನಿಂದ ಶುರುಮಾಡಿ ಒಬ್ಬಳ ಹಿಂದೆ ಒಬ್ಬಳು ನಿಂತ ಇಬ್ಬರನ್ನು ನೋಡು. ಮುಂದಿರುವವಳು ಹಿಂದಿರುವವಳಿಗಿಂತ ಎತ್ತರವಿದ್ದರೆ ಇಬ್ಬರ ಜಾಗ ಅದಲು ಬದಲು ಮಾಡು. ಹಾಗೇ ಕೊನೆಯವರೆಗೆ ಹೋಗು, ಮತ್ತೆ ಮುಂದಿನಿಂದ ಬಾ. ಒಂದು ಸುತ್ತಿನಲ್ಲಿ ಯಾರೂ ಜಾಗ ಬದಲಿಸದಿದ್ದರೆ ಸಾಲು ಸರಿಯಾಗಿದೆ, ನಿಲ್ಲು. ನಮ್ಮ ರೂಮಿನವರ ಎತ್ತರ ಅಳೆದು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಹೆಸರು ಹಾಕಿಲ್ಲ. ಕೂಗದೆ ಸಾಲು ಸರಿಯಾಗುತ್ತದಾ ನೋಡಬೇಕು.

ನಿಮ್ಮ ಕಾವೇರಿ


ಶಿವಾಜಿನಗರ
14 ಆಗಸ್ಟ್ 2024

ಪ್ರೀತಿಯ ಕಾವೇರಿ,

ಕೂಗದೆ ಸಾಲು ಸರಿಯಾಯಿತು. ಸ್ವಲ್ಪ ನಕ್ಕರು ಅಷ್ಟೇ. ಅಂದರೆ ನಾವು ನಕ್ಕೆವು, ನೋಡುತ್ತಿದ್ದವರು. ಒಂದು ಪೀರಿಯಡ್ ಪೂರ್ತಿ ಹಿಡಿಯಿತು, ಮಧ್ಯೆ ಬಿಸಿಯೂಟದ ಬೆಲ್ ಬೇರೆ.

ಒಂದು ಮಾತು ಗಮನಿಸಿದೆಯಾ? ಎಲ್ಲರಿಗಿಂತ ಎತ್ತರದವಳು ಮೊದಲ ಸುತ್ತಿನಲ್ಲೇ ಸೀದಾ ಹಿಂದಕ್ಕೆ ಹೋಗಿ ನಿಂತುಬಿಡುತ್ತಾಳೆ. ಕುಳ್ಳಿ ಮಾತ್ರ ಒಂದು ಸುತ್ತಿಗೆ ಒಂದೇ ಹೆಜ್ಜೆ ಮುಂದೆ ಬರುತ್ತಾಳೆ. ನಮ್ಮ ನಾಜಿಶ್ ಎಂಟನೇ ಕ್ಲಾಸಿಗೆಲ್ಲ ಕುಳ್ಳಿ, ನಿನಗೆ ಗೊತ್ತಲ್ಲ. ಇದು ಅನ್ಯಾಯ ಮಿಸ್ ಎಂದು ಜಗಳ ತೆಗೆದಳು. ಅದಕ್ಕೇ ದೊಡ್ಡವರು ಸಾಲು ಜೋಡಿಸಲು ಇನ್ನೂ ಚುರುಕಾದ ದಾರಿಗಳನ್ನು ಹುಡುಕಿದ್ದಾರೆ ಎಂದು ಸಮಾಧಾನ ಹೇಳಿದೆ. ನೀನೂ ಒಂದು ಹುಡುಕು.

ನಿನ್ನ ಕಾಗದಗಳಲ್ಲಿ ದಸರಾ ಮಾತು ಕಾಣುತ್ತಿಲ್ಲ. ನಾನು ಕೇಳುತ್ತಿಲ್ಲ, ಸುಮ್ಮನೆ ಹೇಳಿದೆ.

ಸಾಲೇಹಾ ಮಿಸ್


ವಸತಿ ಶಾಲೆ
24 ಆಗಸ್ಟ್ 2024

ಪ್ರೀತಿಯ ಮಿಸ್,

ನಿಮ್ಮ ಕಂಪ್ಯೂಟರ್ ಬಿಸಿಯೂಟಕ್ಕೂ ಹೋಗುತ್ತದಾ ಎಂದು ಯಮುನಾ ಕೇಳುತ್ತಿದ್ದಾಳೆ.

ಇಲ್ಲಿ ಬೆಳಿಗ್ಗೆ ಕೊಳಾಯಿಯಿಂದ ನೀರು ಹೊತ್ತು ಸ್ನಾನದ ಮನೆಯ ಡ್ರಮ್ಮು ತುಂಬಿಸಬೇಕು. ಈ ವಾರ ನನ್ನ ಸರದಿ. ಅದರ ಮೇಲೇ ಒಂದು ಚಿಕ್ಕ ಪ್ರೋಗ್ರಾಮು ಬರೆದೆ. ಹತ್ತು ಕೊಡಕ್ಕೆ ಡ್ರಮ್ಮು ತುಂಬುತ್ತದೆ.

1. ‘ಕೊಡ’ ಎಂಬ ಡಬ್ಬಿಯಲ್ಲಿ 0 ಇಡು.
2. ‘ಕೊಡ’ 10 ಆದರೆ ‘ಡ್ರಮ್ಮು ತುಂಬಿತು’ ಎಂದು ಬರೆದು ನಿಲ್ಲು.
3. ‘ಒಂದು ಕೊಡ ಸುರಿದೆ’ ಎಂದು ಬರೆ.
4. 2ನೇ ಸಾಲಿಗೆ ಹೋಗು.

ಕೈ ನೋಯುತ್ತಿದೆ, ಹೆಚ್ಚು ಬರೆಯಲ್ಲ. ದಸರಾ ಬಗ್ಗೆ ಇನ್ನೂ ಯೋಚನೆ ಮಾಡುತ್ತಿದ್ದೇನೆ. ಇಲ್ಲಿದ್ದರೆ ಪ್ರೋಗ್ರಾಮು ಓಡುತ್ತದೆ, ಅಲ್ಲಿಗೆ ಬಂದರೆ ಅವ್ವ ಇರುತ್ತಾಳೆ. ನೀವು ಕೇಳಲಿಲ್ಲ, ಸುಮ್ಮನೆ ಹೇಳಿದೆ.

ಕಾವೇರಿ


ಶಿವಾಜಿನಗರ
5 ಸೆಪ್ಟೆಂಬರ್ 2024

ಪ್ರೀತಿಯ ಕಾವೇರಿ,

ಡ್ರಮ್ಮು ತುಂಬಿತು. ‘ಒಂದು ಕೊಡ ಸುರಿದೆ’ ಹತ್ತು ಸಲ ಬಂತು, ಕೊನೆಗೆ ‘ಡ್ರಮ್ಮು ತುಂಬಿತು’ ಎಂದು ಬಂದು ನಿಂತಿತು. ಹಾಳೆ ಜೊತೆಗಿದೆ. ಈ ಸಲ ನಾಜಿಶ್ ಬರೆದಿದ್ದಾಳೆ, ಮೂಲೆಯಲ್ಲಿ ಹೂವು ಬಿಡಿಸಿದ್ದೂ ಅವಳೇ.

ಇವತ್ತು ಶಿಕ್ಷಕರ ದಿನ, ಮಕ್ಕಳು ಕೊಟ್ಟ ಗುಲಾಬಿ ಮುಡಿದುಕೊಂಡೇ ಬರೆಯುತ್ತಿದ್ದೇನೆ. ಅಮ್ಮಿ ನಿನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾರೆ.

ಸಾಲೇಹಾ ಮಿಸ್


ವಸತಿ ಶಾಲೆ
16 ಸೆಪ್ಟೆಂಬರ್ 2024

ಮಿಸ್‌ಗೆ,

ನಿನ್ನೆ ಮತ್ತೆ ನನಗೆ ನೀರಿನ ಸರದಿ ಬಂತು. ಸುರಿಯುತ್ತಾ ಯಮುನಾ ಜೊತೆ ಮಾತಿಗೆ ನಿಂತು ಎಷ್ಟು ಕೊಡ ಆಯಿತು ಎಂದು ಮರೆತೆ. ಸುರಿಯುತ್ತಲೇ ಇದ್ದೆ. ಡ್ರಮ್ಮು ತುಂಬಿ ಅಂಗಳಕ್ಕೆಲ್ಲ ನೀರು ಹರಿದು ವಾರ್ಡನ್ ಅಕ್ಕನಿಂದ ಬೈಸಿಕೊಂಡೆ. ಒದ್ದೆ ಕಾಲಲ್ಲಿ ನಿಂತಿದ್ದಾಗ ನನ್ನ ಪ್ರೋಗ್ರಾಮು ನೆನಪಾಯಿತು.

ನಾನು ‘ಕೊಡ’ಕ್ಕೆ 1 ಕೂಡಿಸಲು ಹೇಳಿಯೇ ಇಲ್ಲ. ಮಗ್ಗಿಯಲ್ಲಿ ಬರೆದಿದ್ದ ಸಾಲು ಇದರಲ್ಲಿ ಇಲ್ಲ. ಡಬ್ಬಿಯಲ್ಲಿ ಯಾವಾಗ ನೋಡಿದರೂ 0 ಇರುತ್ತದೆ. ಅದು ಹತ್ತು ಆಗುವುದೇ ಇಲ್ಲ. ‘ಒಂದು ಕೊಡ ಸುರಿದೆ’ ಎಂದು ಬರೆಯುತ್ತಲೇ ಇರಬೇಕಿತ್ತು. ನೀವು ಕಳಿಸಿದ ಹಾಳೆಯಲ್ಲಿ ಡ್ರಮ್ಮು ತುಂಬಿದೆ.

ನೀವು ಓಡಿಸಲೇ ಇಲ್ಲ ಅಲ್ಲವಾ ಮಿಸ್? ನನಗೆ ಯಾವ ಉತ್ತರ ಬೇಕು ಎಂದು ನೋಡಿ ಅದನ್ನೇ ಬರೆಸಿ ಕಳಿಸಿದ್ದೀರಿ. ಅಳುವ ಮಗುವಿಗೆ ಚಂದಮಾಮ ತೋರಿಸಿದ ಹಾಗೆ. ನನ್ನ ಪ್ರೋಗ್ರಾಮು ಬೆಂಗಳೂರಿನಲ್ಲಿ ಓಡುತ್ತದೆ ಎಂದು ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ತಣ್ಣೀರಿನ ಚಹಾ ಕುಡಿದ ಮಿಸ್ ಹೀಗೆ ಮಾಡುತ್ತಾರೆ ಅಂದುಕೊಂಡಿರಲಿಲ್ಲ.

ದಸರಾಕ್ಕೆ ಅಪ್ಪ ಬರುತ್ತಾನೆ. ಪೆಟ್ಟಿಗೆ ಪೂರ್ತಿ ತುಂಬಿಕೊಂಡು ಹೊರಡುತ್ತೇನೆ.

ಕಾವೇರಿ


ಶಿವಾಜಿನಗರ
21 ಸೆಪ್ಟೆಂಬರ್ 2024

ನನ್ನ ಕಾವೇರಿ,

ಕಾಗದ ಮಧ್ಯಾಹ್ನ ಬಂತು. ಅಮ್ಮಿಗೆ ಓದಿ ಹೇಳಲು ಆಗಲಿಲ್ಲ. ನೀನು ಹೊರಡುವ ಮೊದಲು ಇದು ತಲುಪಲಿ ಎಂದು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ಓಡಿಸಲಿಲ್ಲ. ಅದು ನಿಜ. ನಮ್ಮಲ್ಲಿ ಈಗ ಕಂಪ್ಯೂಟರ್ ಇಲ್ಲ ಕಣೇ. ನಿನ್ನ ಹದಿನೇಳರ ಮಗ್ಗಿ ನನ್ನ ಕೈಗೆ ಬಂದ ವಾರವೇ ಮಹದೇವಪುರಕ್ಕೆ ನೀರು ನುಗ್ಗಿತು. ಲ್ಯಾಬು ಕೆಳಗಿನ ಅಂತಸ್ತಿನಲ್ಲಿದೆಯಲ್ಲವೇ, ಬೆಳಿಗ್ಗೆ ಬಾಗಿಲು ತೆರೆದರೆ ಮೊಣಕಾಲುದ್ದ ಕೆಸರು ನೀರು. ಎಲ್ಲವನ್ನೂ ರಿಪೇರಿಗೆ ಒಯ್ದರು, ಇನ್ನೂ ತಂದಿಲ್ಲ. ನೀನು ಕಂಪ್ಯೂಟರಿನ ಆಸೆಗೆ ಅಲ್ಲಿಗೆ ಹೋದವಳು. ಅಲ್ಲಿ ಬೀಗ, ಇಲ್ಲಿ ಕೆಸರು ಎಂದರೆ ಮಾರನೇ ದಿನವೇ ಪೆಟ್ಟಿಗೆ ಕಟ್ಟುತ್ತೀಯ ಎಂದು ಹೆದರಿಬಿಟ್ಟೆ. ಹೆದರಿ ಮುಚ್ಚಿಟ್ಟೆ.

ಆದರೆ ಓಡಿಸಲೇ ಇಲ್ಲ ಅಂದೆಯಲ್ಲ, ಅದು ಮಾತ್ರ ಸುಳ್ಳು. ಪ್ರತಿಯೊಂದನ್ನೂ ಓಡಿಸಿದ್ದೇವೆ. ಎಂಟನೇ ಕ್ಲಾಸೇ ನಿನ್ನ ಕಂಪ್ಯೂಟರ್. ಮೇಲಿನ ಮಹಡಿಯ ವರಾಂಡದಲ್ಲಿ ಸೀಮೆಸುಣ್ಣದಿಂದ ಡಬ್ಬಿ ಬರೆದು, ಡಬ್ಬಿಗೊಬ್ಬರಂತೆ ಸ್ಲೇಟು ಹಿಡಿದು ನಿಲ್ಲುತ್ತಾರೆ. ಒಬ್ಬರು ನಿನ್ನ ಸಾಲನ್ನು ಗಟ್ಟಿಯಾಗಿ ಓದುತ್ತಾರೆ, ಹೇಳಿದ್ದನ್ನು ಮಾತ್ರ ಉಳಿದವರು ಮಾಡುತ್ತಾರೆ. ಹದಿನೇಳು ಎಂಟಲ ತಪ್ಪಿದ್ದು ಗುಣಾಕಾರ ಮಾಡುತ್ತಿದ್ದ ಮುನೀಂದ್ರ. ಪ್ರಾರ್ಥನೆಯ ಸಾಲಿಗೆ ನಿಮ್ಮ ರೂಮಿನವರ ಎತ್ತರವನ್ನು ಚೀಟಿಯಲ್ಲಿ ಬರೆದು ಎದೆಗೆ ಅಂಟಿಸಿಕೊಂಡಿದ್ದರು. ತುಂಬಾ ಕುಳ್ಳಗಿದ್ದ ಹುಡುಗಿಯ ಚೀಟಿ ನಾಜಿಶ್‌ಗೇ ಸಿಕ್ಕಿತ್ತು. ಅದು ನಿಮ್ಮ ಯಮುನಾನಾ?

ಈಗ ಡ್ರಮ್ಮಿನ ಮಾತು. ಅವತ್ತು ‘ಕೊಡ’ ಡಬ್ಬಿಯಲ್ಲಿ ನಿಂತವಳೂ ನಾಜಿಶ್. ಸ್ಲೇಟಿನಲ್ಲಿ 0 ಇತ್ತು. ಮುನೀಂದ್ರ ಮೂರನೇ ಸಾಲು ಓದಿದ, ಬೋರ್ಡಿನ ಮೇಲೆ ‘ಒಂದು ಕೊಡ ಸುರಿದೆ’ ಎಂದು ಬರೆದರು. ನಾಲ್ಕನೇ ಸಾಲು ಓದಿದ, ಮತ್ತೆ ಎರಡಕ್ಕೆ ಬಂದರು. ಸ್ಲೇಟು ಬದಲಿಸು ಎಂದು ಯಾರೂ ಹೇಳಲಿಲ್ಲ. ನಾಜಿಶ್ ಆ ಕಡೆ ಈ ಕಡೆ ನೋಡಿ, ಫ್ರಾಕಿನ ಅಂಚಿನಿಂದ ಸೊನ್ನೆ ಒರೆಸಿ ಒಂದು ಬರೆದುಕೊಂಡಳು. ನಾನು ಹತ್ತಿರ ಹೋದೆ. ಅವಳು ಪಿಸುಮಾತಿನಲ್ಲಿ ಹೇಳಿದಳು:

‘ಕಾವೇರಿ ಅಕ್ಕ ಮರ್ತೋಗಿದಾಳೆ ಮಿಸ್. ಪಾಪ, ಅಲ್ಲಿ ಒಬ್ಳೇ ಇದಾಳಲ್ಲ.’

ತಪ್ಪು ಎಂದು ನನಗೆ ಗೊತ್ತು. ತಡೆಯಬೇಕಿತ್ತು. ಅವಳ ಮುಖ ನೋಡಿ ನನ್ನ ಕೈಲಾಗಲಿಲ್ಲ. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು, ಅವಳ ಮೇಲೆ ಬೇಡ.

ಇವತ್ತು ಶನಿವಾರ, ಅರ್ಧ ದಿನದ ಶಾಲೆ. ಕಾಗದ ಓದಿದವಳೇ ಆಟೊ ಹತ್ತಿ ವಾಪಸ್ ಹೋದೆ. ಆಟಕ್ಕೆ ಉಳಿದಿದ್ದವರನ್ನೆಲ್ಲ ಕರೆದು ನಿನ್ನ ಪ್ರೋಗ್ರಾಮನ್ನು ಮತ್ತೆ ಓಡಿಸಿದೆವು, ಬರೆದದ್ದು ಬರೆದ ಹಾಗೆ. ನಾಜಿಶ್ ಎರಡೂ ಕೈ ಹಿಂದೆ ಕಟ್ಟಿಕೊಂಡು, ಸ್ಲೇಟನ್ನು ಕತ್ತಿಗೆ ನೇತುಹಾಕಿಕೊಂಡು ನಿಂತಳು. ಸೊನ್ನೆ ಸೊನ್ನೆಯಾಗಿಯೇ ಇತ್ತು. ಬೋರ್ಡು ತುಂಬಿತು, ಒರೆಸಿ ಮತ್ತೆ ತುಂಬಿಸಿದೆವು. ಕೊನೆಗೆ ಸೀಮೆಸುಣ್ಣ ಮುಗಿದು, ಜವಾನ ಬಂದು ಗೇಟು ಹಾಕಬೇಕು ಅಂದ. ಆದ್ದರಿಂದ ನಿನ್ನ ಸರಿಯಾದ ಉತ್ತರ ಇದು: ಪ್ರೋಗ್ರಾಮು ನಿಲ್ಲಲಿಲ್ಲ. ತಪ್ಪು ನಿನ್ನದು, ಕಂಡುಹಿಡಿದವಳೂ ನೀನೇ. ಕಂಡುಹಿಡಿದದ್ದಕ್ಕೆ ನನಗೆಷ್ಟು ಹೆಮ್ಮೆ ಎಂದು ಬರೆಯಲು ಈ ಹಾಳೆಯಲ್ಲಿ ಜಾಗವಿಲ್ಲ.

ಬಾ. ಅವ್ವನ ಹತ್ತಿರ ಮಲಗು, ಚೆನ್ನಾಗಿ ಉಣ್ಣು. ಆಮೇಲೆ ಹೋಗುವುದು ಬಿಡುವುದು ನಿನಗೇ ಬಿಟ್ಟದ್ದು. ಈ ಸಲ ನಾನು ಇಟ್ಟಿಗೆ ಮೇಲೆ ಬಂದು ಕೂರುವುದಿಲ್ಲ. ನೀನು ಹೋಗಬೇಕು ಎಂದು ನನ್ನ ಆಸೆ, ಅದನ್ನು ಮಾತ್ರ ಮುಚ್ಚಿಡುವುದಿಲ್ಲ.

ನಿನ್ನ,
ಸಾಲೇಹಾ ಮಿಸ್


ವಸತಿ ಶಾಲೆ, ರಾಯಚೂರು ಜಿಲ್ಲೆ
23 ಅಕ್ಟೋಬರ್ 2024

ಪ್ರೀತಿಯ ಮಿಸ್‌ಗೆ ನಿಮ್ಮ ಕಾವೇರಿ ಮಾಡುವ ನಮಸ್ಕಾರಗಳು.

ಮೇಲಿನ ವಿಳಾಸ ನೋಡಿಯೇ ನಿಮಗೆ ಗೊತ್ತಾಗಿರಬೇಕು. ವಾಪಸ್ ಬಂದೆ. ಪೆಟ್ಟಿಗೆ ತುಂಬಿಕೊಂಡು ಹೋದದ್ದನ್ನು ಹಾಗೇ ಹೊತ್ತು ತಂದೆ. ಅಪ್ಪ ದಾರಿಯುದ್ದಕ್ಕೂ ಗೊಣಗಿದ.

ರಜೆಯಲ್ಲಿ ನಿಮ್ಮನ್ನು ನೋಡಲು ಒಂದು ದಿನ ಬಸ್ಸು ಹತ್ತಿ ಶಿವಾಜಿನಗರಕ್ಕೆ ಬಂದಿದ್ದೆ. ರಸೆಲ್ ಮಾರ್ಕೆಟ್‌ವರೆಗೂ ಬಂದೆ. ಹಣ್ಣಿನ ಅಂಗಡಿಗಳ ಮುಂದೆ ಸುಮಾರು ಹೊತ್ತು ನಿಂತಿದ್ದು, ನಾಚಿಕೆಯಾಗಿ ಹಾಗೇ ತಿರುಗಿ ಹೋದೆ. ಹಾಗೆ ಬರೆದ ಮೇಲೆ ಯಾವ ಮುಖ ಇಟ್ಟುಕೊಂಡು ಬಾಗಿಲು ಬಡಿಯಲಿ?

ಮಾರನೇ ದಿನ ಅವ್ವನನ್ನು ಕರೆದುಕೊಂಡು ಶಾಲೆಗೆ ಹೋದೆ. ಗೇಟಿಗೆ ಬೀಗ ಇತ್ತು, ಜವಾನ ಗುರುತು ಹಿಡಿದು ಒಳಗೆ ಬಿಟ್ಟ. ಲ್ಯಾಬಿನ ಗೋಡೆಯಲ್ಲಿ ಕೆಸರಿನ ಗೆರೆ ಇನ್ನೂ ಇದೆ. ಮೇಲೆ ಹೋದೆ. ವರಾಂಡದಲ್ಲಿ ಸೀಮೆಸುಣ್ಣದ ಡಬ್ಬಿಗಳು ಅರ್ಧ ಅಳಿಸಿದ್ದವು. ಒಂದರಲ್ಲಿ ‘ಎಣಿಕೆ’ ಅಂತ ಇತ್ತು, ಒಂದರಲ್ಲಿ ‘ಕೊಡ’. ನಾನು ‘ಕೊಡ’ದೊಳಗೆ ಹೋಗಿ ನಿಂತೆ. ಅವ್ವ ಏನಿದು ಅಂದಳು. ಇವರು ನನ್ನ ಕಂಪ್ಯೂಟರ್ ಅವ್ವ ಅಂದೆ. ಅಲ್ಲಿ ಯಾರೂ ಇರಲಿಲ್ಲ, ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಮೆಟ್ಟಿಲ ಮೇಲೆ ಕೂರಿಸಿ ಎಲ್ಲಾ ಹೇಳಿದೆ. ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡು, ‘ನೀ ಒಬ್ಬಾಕಿನೇ ಇಲ್ಲ ಅಲ್ಲಿ, ಹೋಗು’ ಅಂದಳು. ಮಿಸ್, ನನಗೆ ನೀವೆಂದರೆ ತುಂಬಾ ಇಷ್ಟ. ಬಾಯಲ್ಲಿ ಹೇಳಲು ಆಗಲಿಲ್ಲ, ಇಲ್ಲಿ ಬರೆದೆ.

ಇಲ್ಲಿ ಬೀಗ ಇನ್ನೂ ಹಾಗೇ ಇದೆ. ಅದಕ್ಕೆ ನಾವೂ ಪ್ರಾರ್ಥನೆಯ ಅಂಗಳದಲ್ಲಿ ಡಬ್ಬಿ ಬರೆದಿದ್ದೇವೆ. ಯಮುನಾ ‘ಕೊಡ’. ಅವಳು ತುಂಬಾ ಕಟ್ಟುನಿಟ್ಟು, ಹೇಳದಿದ್ದರೆ ಮೂಗಿನ ಮೇಲೆ ನೊಣ ಕೂತರೂ ಓಡಿಸುವುದಿಲ್ಲ. ಬಿಟ್ಟುಹೋಗಿದ್ದ ಸಾಲನ್ನು ಸೇರಿಸಿ ಓಡಿಸಿದೆ, ಡ್ರಮ್ಮು ತುಂಬಿ ನಿಂತಿತು. ಕುಳ್ಳಿಯ ಚೀಟಿ ಯಮುನಾಳದ್ದಲ್ಲ, ನನ್ನದು. ನನ್ನ ಜಾಗದಲ್ಲಿ ನಿಂತದ್ದಕ್ಕೆ ನಾಜಿಶ್‌ಗೆ ಥ್ಯಾಂಕ್ಸ್ ಹೇಳಿ.

ಎಂಟನೇ ಕ್ಲಾಸಿಗೆ ಒಂದು ಹೊಸ ಪ್ರೋಗ್ರಾಮು ಕಳಿಸಿದ್ದೇನೆ.

1. ಕಾವೇರಿಯ ಕಾಗದ ಬರುವವರೆಗೆ ಕಾಯಿ.
2. ಬಂದ ಮೇಲೆ ಓದಿ, ಉತ್ತರ ಬರೆ.
3. 1ನೇ ಸಾಲಿಗೆ ಹೋಗು.

ಇದರಲ್ಲಿ ನಿಲ್ಲು ಎಂಬ ಸಾಲು ಇಲ್ಲ. ಅಕ್ಕ ಮರೆತಿಲ್ಲ, ತಿದ್ದಬೇಡ ಎಂದು ನಾಜಿಶ್‌ಗೆ ಹೇಳಿ.

ನಿಮ್ಮ,
ಕಾವೇರಿ